ಹೆಗಲಿಗೆ ಒಗ್ಗುವ ಕೋವಿ

ಜಲಜಾಕ್ಷಿ ಕೆಲಸ ಮುಗಿಸಿ ಹೊರಡುವಾಗ ಮನೆಯೊಡತಿ ಮೌಝಾ ಬಾಗಿಲವರೆಗೆ ಬಂದು, ಅಪ್ಪಿಕೊಂಡು, ಕೆನ್ನೆಗೆ ಕೆನ್ನೆ ತಾಗಿಸಿ ಕಳಿಸಿಕೊಡುವುದು ರೂಢಿ. ಆ ದಿನ ಅಪ್ಪಿಕೊಂಡ ಕೂಡಲೇ ಅವರು ಹಲ್ಲು ಕಚ್ಚಿ ಉಸಿರೆಳೆದುಕೊಂಡರು. ಮರುಕ್ಷಣ ಏನೂ ಆಗದವರ ಹಾಗೆ ನಕ್ಕರು. ಇಪ್ಪತ್ತು ವರ್ಷ ಫಿಸಿಯೋಥೆರಪಿ ಮಾಡಿದ ಜಲಜಾಕ್ಷಿ ಅಂಥ ನಗುವಿಗೆ ಮೋಸಹೋಗುವವಳಲ್ಲ.

"ಮಾಮಾ, ಬಲ ಹೆಗಲಿಗೆ ಎಂತ ಆಗಿದೆ?" ಮನೆಯೊಡತಿಯನ್ನು ಅಲ್ಲಿ ಎಲ್ಲರೂ ಕರೆಯುವುದು ಹಾಗೆಯೇ, ಅಮ್ಮ ಎಂಬ ಅರ್ಥದಲ್ಲಿ.

"ಏನೂ ಇಲ್ಲ."

"ತೋರಿಸಿ."

ಒಳಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಮೌಝಾ ಅಬಾಯದ ಅಂಚು ಜಾರಿಸಿದರು. ಅಂಗೈಯಗಲ ಚರ್ಮ ಕಂದಿಹೋಗಿತ್ತು. ನಡುವೆ ನೇರಳೆ, ಸುತ್ತ ಹಳದಿ. ಜಲಜಾಕ್ಷಿಯ ಕಣ್ಣು ಪಕ್ಕದ ಕೋಣೆಯ ಕಡೆ ಹೋಯಿತು. ಅಲ್ಲಿ ಮಲಗಿದ್ದ ಮೌಝಾ ಗಂಡ ಸೈಫ್ ಅವರ ಎಡಗೈಗೆ ಈಗಲೂ ಬೇಕಾದಷ್ಟು ಬಲವಿತ್ತು. ಪಾರ್ಶ್ವವಾಯು ಬಡಿದ ಮೇಲೆ ಕೆಲವರಿಗೆ ಎಲ್ಲಿಲ್ಲದ ಸಿಟ್ಟು ಬರುವುದನ್ನೂ ಅವಳು ಕಂಡಿದ್ದಳು.

ಅವಳ ಮುಖ ನೋಡಿಯೇ ಮೌಝಾ ಅರ್ಥ ಮಾಡಿಕೊಂಡರು. "ಛೆ, ಅವರಲ್ಲ ಹಬೀಬ್ತಿ! ಅವರ ಬಂದೂಕು."

ಅಬುಧಾಬಿಯ ಖಲೀಫಾ ಸಿಟಿಯ ಆ ವಿಲ್ಲಾಕ್ಕೆ ಜಲಜಾಕ್ಷಿ ವಾರಕ್ಕೆ ಮೂರು ಸಲ ಬರುತ್ತಿದ್ದಳು. ಅವಳಿದ್ದದ್ದು ಎಲೆಕ್ಟ್ರಾ ಸ್ಟ್ರೀಟಿನ ಒಂದು ಫ್ಲ್ಯಾಟಿನಲ್ಲಿ. ಗಂಡ ತಿಲಕ್ ದುಬೈಯ ಹೋಟೆಲಿನಲ್ಲಿ ಕೆಲಸಕ್ಕಿದ್ದ. ವರ್ಷದ ಹಿಂದೆ ಸೈಫ್ ಅವರ ಬಲಗಡೆ ಬಿದ್ದುಹೋಗಿತ್ತು, ಜೊತೆಗೆ ಮಾತೂ ಹೋಗಿತ್ತು. ಉಳಿದದ್ದು ಎರಡೇ ಶಬ್ದ. ಬೇಡ ಎನ್ನಲು 'ಲಾ', ಆಗಲಿ ಎನ್ನಲು 'ಯಲ್ಲಾ'. ಇತ್ತೀಚೆಗಂತೂ ಬರೀ 'ಲಾ'. ಬೆರಳಿನ ಹಿಡಿತಕ್ಕೆಂದು ಅವಳು ಕೊಟ್ಟ ಬಣ್ಣ ಬಳಿದ ಮರದ ಗೂಟಗಳನ್ನು ಎಡಗೈಯಿಂದ ಬಾಚಿ ಗೋಡೆಗೆ ಎಸೆಯುತ್ತಿದ್ದರು. ಎಸೆದು ಅದೇ ಗೋಡೆಯನ್ನು ನೋಡುತ್ತ ಕೂರುತ್ತಿದ್ದರು.

ಮೌಝಾ ಹಿಂದಿ, ಇಂಗ್ಲಿಷು, ಅರಬ್ಬೀ ಎಲ್ಲ ಬೆರೆಸಿ ಮಾತಾಡುವವರು. ಮಂಚದ ತುದಿಯಲ್ಲಿ ಕೂತು ಕಥೆ ಹೇಳಿದರು. ಸೈಫ್ ಪ್ರತಿವರ್ಷ ಆಫ್ರಿಕಾಕ್ಕೆ ಬೇಟೆಗೆ ಹೋಗುತ್ತಿದ್ದರು. ನಮೀಬಿಯಾದಲ್ಲಿ ಎಲಾಂಡ್ ಎಂಬ, ಎತ್ತಿಗಿಂತ ದೊಡ್ಡ ಜಿಂಕೆ ಉಂಟಂತೆ. ಅದಕ್ಕೆ ಸಣ್ಣ ಗುಂಡು ಸಾಲದು. ಸೈಫ್ ಅವರದ್ದು ಒಂದೇ ತೋಟೆ ಹಿಡಿಯುವ, ನಳಿಗೆ ಮಡಚಿ ತುಂಬುವ ದೊಡ್ಡ ಕ್ಯಾಲಿಬರಿನ ಕೋವಿ. ಎರಡನೆಯ ಗುಂಡು ಇಲ್ಲ ಎಂದು ಗೊತ್ತಿದ್ದವನು ಮೊದಲನೆಯದನ್ನು ಯೋಚಿಸಿ ಹೊಡೆಯುತ್ತಾನೆ ಎನ್ನುವುದು ಅವರ ಮಾತು.

"ಒಂದು ದಿನ ಸುಮ್ಮನೆ ಹೇಳಿದೆ. ಸೈಫ್, ನಮೀಬಿಯಾಕ್ಕೆ ಹೋಗುವ, ನೀನು ಪಕ್ಕದಲ್ಲಿ ಕೂತಿರು, ನಾನು ಹೊಡೆಯುತ್ತೇನೆ ಅಂತ. ಜಲ, ಅವರು ಗೋಡೆ ಬಿಟ್ಟು ನನ್ನನ್ನು ನೋಡಿದರು."

ಚಿಕ್ಕಂದಿನಲ್ಲಿ ಅಪ್ಪನ ಮರುಭೂಮಿಯ ಬಿಡಾರದಲ್ಲಿ ಸಣ್ಣ ಕೋವಿ ಹೊಡೆದು ಗೊತ್ತಿದ್ದವರು ಮೌಝಾ. ಪರವಾನಗಿ ಅವರ ಹೆಸರಿನಲ್ಲೂ ಇತ್ತು. ಗಂಡನ ಕೋವಿ ಹಿಡಿದು, ಅಬುಧಾಬಿಯ ಹೊರಗಿನ ಶೂಟಿಂಗ್ ರೇಂಜಿಗೆ ಒಬ್ಬರೇ ಹೋಗಿದ್ದರು. ಮೊದಲ ಈಡಿಗೆ ಕೋವಿ ಹೆಗಲಿಗೆ ಕತ್ತೆಯ ಹಾಗೆ ಒದೆಯಿತು. ಎರಡನೆಯದಕ್ಕೆ ಕಣ್ಣು ತಾನಾಗಿ ಮುಚ್ಚಿತು. ಮೂರನೆಯದು ಗುರಿಯ ಹಲಗೆಗೂ ತಾಗದೆ ಎಲ್ಲೋ ಹೋಯಿತು.

"ಅವರಿಗೆ ಹೇಳಬೇಡ" ಎಂದರು ಮೌಝಾ. "ತನ್ನ ಕೋವಿಯಿಂದ ಹೀಗಾಯಿತು ಅಂತ ಗೊತ್ತಾದರೆ ಮತ್ತೆ ಗೋಡೆ ನೋಡುತ್ತಾರೆ."

ಜಲಜಾಕ್ಷಿ ಹೆಗಲ ಮೂಳೆ ಒತ್ತಿ ನೋಡಿದಳು, ಕೈ ಎತ್ತಿಸಿ ತಿರುಗಿಸಿದಳು. ಮುರಿದಿರಲಿಲ್ಲ. ಐಸ್ ಕಟ್ಟಿ, ಕೋವಿಗೆ ತನ್ನೂರಿನವರ ಹಾಗೆ ಬೆಡಿ ಎನ್ನುತ್ತ ಹೇಳಿದಳು, "ಅರುವತ್ತು ದಾಟಿದ ಮೂಳೆ ಮಾಮಾ. ಇದೇ ಬೆಡಿಯಲ್ಲಿ ಇನ್ನೊಮ್ಮೆ ಹೊಡೆದ್ರೆ ನಾನು ನಿಮಗೂ ಗೂಟ ಜೋಡಿಸ್ಲಿಕ್ಕೆ ಕೊಡ್ಬೇಕಾದೀತು. ಹೋಗ್ಬೇಡಿ ಅಂತ ಹೇಳುವುದಿಲ್ಲ. ಬೆಡಿ ಬದಲಿಸಿ."

ಶನಿವಾರ ದುಬೈಗೆ ಬರುವುದಿಲ್ಲ, ಕೋವಿ ಅಂಗಡಿಗೆ ಹೋಗಲಿಕ್ಕುಂಟು ಎಂದು ಫೋನಿನಲ್ಲಿ ಹೇಳಿದಾಗ ತಿಲಕ್ ಗಾಬರಿಯಾದ. "ಬೆಡಿಯಾ? ನಾನು ಎಂತ ಮಾಡಿದೆ ಮಾರಾಯ್ತಿ?"

ಅಂಗಡಿಗೆ ಸೈಫ್ ಅವರನ್ನೂ ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋದರು. ಹೊಸ ಕೋವಿ ಏಕೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೌಂಟರಿನಲ್ಲಿದ್ದವನು ತೆಳ್ಳಗಿನ ಗಡ್ಡದ, ನಲವತ್ತರ ಆಸುಪಾಸಿನ ಗಂಡಸು. ಮೌಝಾ ತಂದ ಹಳೆಯ ಕೋವಿಯನ್ನು ಒಮ್ಮೆ ಎತ್ತಿ ನೋಡಿದ ಜಲಜಾಕ್ಷಿ "ಅಯ್ಯೋ, ಇದು ಇಷ್ಟು ಹಗುರ ಉಂಟಲ್ಲ!" ಎಂದು ತನ್ನಷ್ಟಕ್ಕೆ ಹೇಳಿದ್ದೇ ತಡ, ಅವನು ತಲೆಯೆತ್ತಿದ.

"ಅಕ್ಕ, ನಮ್ಮ ಕಡೆಯವ್ರಾ? ನಾನು ಝಾಹಿದ್, ಭಟ್ಕಳದವ."

"ನಾನು ಕಟಪಾಡಿ. ನೀವು ಇಲ್ಲಿ ಬೆಡಿ ಮಾರುವುದಾ?"

"ನಮ್ಮ ಮನೆಯವ್ರೆಲ್ಲ ಬಟ್ಟೆ ವ್ಯಾಪಾರ ಅಕ್ಕ, ನಾನೊಬ್ಬ ಹೀಗೆ." ಆಮೇಲೆ ಅವನು ಕೋವಿ ಕೈಗೆ ತೆಗೆದುಕೊಂಡ. "ಹಗುರ ಅಂದ್ರಲ್ಲ, ಅಲ್ಲೇ ಇರೋದು ತೊಂದ್ರೆ. ಬೆಟ್ಟ ಹತ್ತುವವನಿಗೆ ಹಗುರ ಬೇಕು. ಆದ್ರೆ ಇದ್ರಲ್ಲಿ ಒದೆತ ನುಂಗುವ ಯಂತ್ರ ಯಾವುದೂ ಇಲ್ಲ. ಗುಂಡು ಮುಂದೆ ಹೋದಷ್ಟೇ ಜೋರಾಗಿ ಕೋವಿ ಹಿಂದೆ ಬರ್ತದೆ. ಕೋವಿ ಭಾರ ಇದ್ರೆ ಅರ್ಧ ಅದೇ ತಿಂತದೆ. ಹಗುರ ಇದ್ರೆ ಪೂರಾ ಹೆಗಲಿಗೆ."

ಕೋವಿ ಖಾಲಿಯೆಂದು ಎರಡು ಸಲ ನೋಡಿಕೊಂಡು, ಅದನ್ನು ಮೌಝಾ ಕೈಗೆ ಕೊಟ್ಟು ಹೆಗಲಿಗಿಡಲು ಹೇಳಿದ. ಮೌಝಾ ಹಿಡಿದದ್ದು ನೋಡಿ ಜಲಜಾಕ್ಷಿಗೇ ಗೊತ್ತಾಯಿತು. ಹೆಗಲಿಗೆ ಒತ್ತುವ ಮರದ ಬುಡ ಆರಡಿ ಗಂಡಸಿನ ಅಳತೆಗೆ ಮಾಡಿದ್ದು. ಗುಂಡು ಹಾರಿಸಲು ಎಳೆಯುವ ಕುದುರೆಗೆ ಬೆರಳು ಎಟುಕಿಸಲು ಅವರು ಕತ್ತು ಚಾಚಿ ಹಿಂದಕ್ಕೆ ವಾಲಿದ್ದರು; ಬುಡದ ಗಟ್ಟಿ ಅಂಚು ಸರಿಯಾಗಿ ಹೆಗಲ ಮೂಳೆಯ ಮೇಲೆ ಕೂತಿತ್ತು. "ಮೂಳೆ ಮೇಲೆ ಅಲ್ಲ, ಇಲ್ಲಿ, ಒಳಗಿನ ಗುಳಿಯಲ್ಲಿ ಮಾಂಸದ ಮೇಲೆ ಕೂರಬೇಕು" ಎಂದು ಅವಳು ಬೆರಳಿಟ್ಟು ತೋರಿಸಿದಳು. ಝಾಹಿದ್ ಹೌದೆಂದು ತಲೆಯಾಡಿಸಿದ.

"ಒಂದು ಸುಲಭದ ದಾರಿ ಉಂಟು" ಎಂದು ಅವನು ಮೌಝಾಗೆ ಹಿಂದಿಯಲ್ಲಿ ವಿವರಿಸಿದ. "ನಳಿಗೆಯ ಬಾಯಿಗೆ ಬ್ರೇಕ್ ಹಾಕಿಸಬಹುದು. ತೂತುಗಳಿರುವ ಸಣ್ಣ ಕೊಳವೆ. ಒದೆತ ಬಹಳ ಕಡಿಮೆಯಾಗುತ್ತದೆ. ಕೋವಿಯೂ ಇದೇ ಇರಬಹುದು."

ಮೌಝಾ ಮುಖ ಅರಳಿತು. ಹಾಗೆ ಅರಳಿದ್ದು ಅರ್ಧಕ್ಕೇ ನಿಂತಿತು. "ಅದರ ಹೊಗೆ, ಸದ್ದು ಎಲ್ಲ ಎಲ್ಲಿಗೆ ಹೋಗುತ್ತದೆ?"

"ಪಕ್ಕಕ್ಕೆ, ಮೇಡಮ್. ಎರಡೂ ಪಕ್ಕಕ್ಕೆ. ಹೊಡೆದವರಿಗಿಂತ ಪಕ್ಕದಲ್ಲಿರುವವರಿಗೇ ಜಾಸ್ತಿ ಬಡಿಯುತ್ತದೆ."

"ನನ್ನ ಪಕ್ಕದಲ್ಲಿ ಅವರು ಕೂತಿರುತ್ತಾರೆ."

ಬಾಗಿಲು ಬಡಿದರೂ ಬೆಚ್ಚಿಬೀಳುವ ಗಂಡನನ್ನು ಅವರು ತಿರುಗಿ ನೋಡಿದರು. "ಖಲಾಸ್. ಬ್ರೇಕ್ ಮಾಫಿ, ಬೇಡವೇ ಬೇಡ. ಬೇರೆ ತೋರಿಸು."

ಝಾಹಿದ್ ಇನ್ನೊಂದು ಕೋವಿ ತೆಗೆದ. ಅದೂ ಒಂದೇ ತೋಟೆಯದು, ಆದರೆ ನಳಿಗೆ ದಪ್ಪ, ಹಳೆಯದಕ್ಕಿಂತ ಒಂದು ಕಿಲೋ ಭಾರ. ಕ್ಯಾಲಿಬರ್ ನೈನ್ ಪಾಯಿಂಟ್ ತ್ರೀ. ಎಲಾಂಡಿಗೆ ಸಾಕು, ಒದೆಯುವುದಕ್ಕಿಂತ ಹೆಚ್ಚಾಗಿ ತಳ್ಳುತ್ತದೆ ಎಂದ. ಬುಡವನ್ನು ಮೌಝಾ ಅಳತೆಗೆ ಕತ್ತರಿಸಿ, ಹಿಂದೆ ದಪ್ಪ ರಬ್ಬರಿನ ಮೆತ್ತೆ ಹಾಕಿಸುವುದು. ಭಾರವಾದರೇನು, ಹೊತ್ತು ತಿರುಗಲಿಕ್ಕಿಲ್ಲ. ನೀರಿನ ಹೊಂಡದ ಹತ್ತಿರ ಕೂತು, ಮೂರು ಕಾಲಿನ ಊರುಗೋಲಿನ ಮೇಲಿಟ್ಟು ಹೊಡೆಯುವುದು.

"ಲಾ!"

ಎಲ್ಲರೂ ತಿರುಗಿದರು. ಸೈಫ್ ಎಡಗೈಯಿಂದ ತಮ್ಮ ಹಳೆಯ ಕೋವಿಯನ್ನು ತೋರಿಸುತ್ತಿದ್ದರು. ಕಣ್ಣಲ್ಲಿ ನೀರು. "ಲಾ, ಲಾ!" ಕಾಲು ಹೋಯಿತು, ಕೈ ಹೋಯಿತು, ಮಾತು ಹೋಯಿತು, ಈಗ ಇದನ್ನೂ ತೆಗೆದಿಡುತ್ತೀರಾ ಎನ್ನುವ ಹಾಗೆ ಜಲಜಾಕ್ಷಿಗೆ ಕೇಳಿಸಿತು. ಸಮಾಧಾನ ಹೇಳಲು ಅವಳು ಹೆಜ್ಜೆಯಿಟ್ಟಳು. ಮೌಝಾ ಕೈ ಅಡ್ಡ ಹಿಡಿದು ತಡೆದರು.

ಅವರು ಗಂಡನ ಎದುರು ಮಂಡಿಯೂರಿ ಕೂತರು. ತಲೆಗೆ ಹೊದ್ದ ಶೇಲೆಯನ್ನು ಪರದೆಯ ಹಾಗೆ ಹಿಡಿದು, ಅವರಿಗೊಬ್ಬರಿಗೆ ಕಾಣುವಷ್ಟು ಅಬಾಯದ ಕತ್ತು ಸರಿಸಿದರು. ಝಾಹಿದ್ ಥಟ್ಟನೆ ಬೆನ್ನು ತಿರುಗಿಸಿ, ಕಪಾಟಿನಲ್ಲಿ ಏನೋ ಹುಡುಕತೊಡಗಿದ.

ಸೈಫ್ ನೋಡಿದರು. ಬಹಳ ಹೊತ್ತು ನೋಡಿದರು. ಎಡಗೈ ಮುಂದೆ ಬಂದು, ಕಂದಿಹೋದ ಚರ್ಮಕ್ಕೆ ತಾಗಿಯೂ ತಾಗದ ಹಾಗೆ ನಿಂತಿತು.

"ಲಾ" ಎಂದರು ಅವರು. ಶಬ್ದ ಅದೇ, ಆದರೆ ಜಲಜಾಕ್ಷಿ ಒಂದು ವರ್ಷದಲ್ಲಿ ಅವರ ಬಾಯಿಂದ ಅಂಥ ದನಿ ಕೇಳಿರಲಿಲ್ಲ. ಅಳುವ ಮಗುವಿಗೆ ತಾಯಿ ಬೇಡ ಬೇಡ ಎನ್ನುವಂತೆ ಇತ್ತು. ಮೌಝಾ ಆ ಕೈಯನ್ನು ಹಿಡಿದು ಕೆನ್ನೆಗೊತ್ತಿಕೊಂಡರು.

ಕೊನೆಗೆ ಸೈಫ್ ಕೌಂಟರಿನ ಕಡೆ ಗದ್ದ ಎತ್ತಿ, ಭಾರದ ಕೋವಿಯನ್ನು ತೋರಿಸಿ ಹೇಳಿದರು, "ಯಲ್ಲಾ."

ಹೊಸ ಕೋವಿಯ ಬುಡ ಸಿದ್ಧವಾದ ಮೇಲೆ ಮನೆಯಲ್ಲಿ ಅಭ್ಯಾಸ ಮಾಡಲೆಂದು ಝಾಹಿದ್ ಕೆಲವು ಡಮ್ಮಿ ತೋಟೆ ಕೊಟ್ಟಿದ್ದ. ಮದ್ದಿಲ್ಲದ, ಬರೀ ಅಳತೆಗೆ ಮಾಡಿದ ಹಿತ್ತಾಳೆಯ ತುಂಡುಗಳು. ಮುಂದಿನ ಸಲ ಜಲಜಾಕ್ಷಿ ಹೋದಾಗ ಅವು ಮೇಜಿನ ಮೇಲೆ ಬಿದ್ದಿದ್ದವು. ಉದ್ದ, ನುಣುಪು, ಹಿಡಿಯಲು ಹೇಳಿಮಾಡಿಸಿದ ದಪ್ಪ. ಅವಳು ಗೂಟದ ಡಬ್ಬಿ ಹೊರಗೆ ತೆಗೆಯಲೇ ಇಲ್ಲ. ಒಂದು ತೋಟೆಯನ್ನು ಸೈಫ್ ಅವರ ಬಲಗೈಯ ಬೆರಳುಗಳ ನಡುವೆ ಇಟ್ಟು ಕೇಳಿದಳು, "ಬಾಬಾ, ಅಲ್ಲಿ ಮಾಮಾ ಹೊಡೆಯುವಾಗ ತುಂಬಿ ಕೊಡುವವರು ಯಾರು?"

ತೋಟೆ ಜಾರಿ ಬಿತ್ತು. ಅವರು ಎಸೆಯಲಿಲ್ಲ, ಅದನ್ನೇ ನೋಡಿದರು. ಅವಳು ಮತ್ತೆ ಇಟ್ಟಳು. ಮತ್ತೆ ಬಿತ್ತು. ಅಂದು ಸಾಯಂಕಾಲ ಹೊರಡಬೇಕಾದ ಹೊತ್ತು ಮೀರಿದರೂ ಅವರು ಅವಳ ತೋಳು ಬಿಡಲಿಲ್ಲ.

ತಿಂಗಳುಗಳು ಹಿಡಿದವು. ಹೆಬ್ಬೆರಳು ಮೊದಲು ಬಂತು, ತೋರುಬೆರಳು ಆಮೇಲೆ. ಒಂದು ಪ್ಲಾಸ್ಟಿಕ್ ಪೈಪಿನ ತುಂಡನ್ನು ಓರೆಯಾಗಿ ಕಟ್ಟಿ ನಳಿಗೆಯೆಂದು ಅಭ್ಯಾಸ ಮಾಡಿಸಿದಳು. ಚಳಿಗಾಲ ಕಳೆಯುವ ಹೊತ್ತಿಗೆ ಸೈಫ್ ಹತ್ತರಲ್ಲಿ ಏಳೆಂಟು ಸಲ ತೋಟೆಯನ್ನು ಪೈಪಿಗೆ ಇಳಿಸುತ್ತಿದ್ದರು. ನಡುಗುತ್ತ, ಬೆವರುತ್ತ, ಆದರೂ ಇಳಿಸುತ್ತಿದ್ದರು.

ಆಮೇಲೆ ರೇಂಜು. ಝಾಹಿದ್ ಕೂಡ ಬಂದಿದ್ದ. ಎಲ್ಲರ ಕಿವಿಗೂ ದಪ್ಪ ಮುಚ್ಚಳ. ಸೈಫ್ ಅವರಿಗೆ ಅದರೊಳಗೆ ಹತ್ತಿಯನ್ನೂ ಇಟ್ಟಿದ್ದರು. ಕೋವಿ ಊರುಗೋಲಿನ ಮೇಲೆ ಗುರಿಯ ದಿಬ್ಬಕ್ಕೆ ಮುಖ ಮಾಡಿ ಮಡಚಿಕೊಂಡಿತ್ತು. ಮೌಝಾ ಎಡಕ್ಕೆ ಸೈಫ್, ಅವರ ಬಲಗೈ ಕೋವಿಯ ಹತ್ತಿರ. ರೇಂಜಿನ ಅಧಿಕಾರಿ ತಲೆಯಾಡಿಸಿದ ಮೇಲೆ ಸೈಫ್ ತೋಟೆ ಇಳಿಸಿದರು. ಮೌಝಾ ನಳಿಗೆ ಮುಚ್ಚಿ, ಬುಡವನ್ನು ಹೆಗಲ ಗುಳಿಗೆ ಒತ್ತಿಕೊಂಡು, ಕುದುರೆ ಎಳೆದರು. ಕೋವಿ ತಳ್ಳಿತು. ಅವರು ಹಿಂದಕ್ಕೆ ತೂಗಿ ಮುಂದೆ ಬಂದರು.

"ನೋವಾಯ್ತಾ?" ಎಂದು ಕೂಗಿದಳು ಜಲಜಾಕ್ಷಿ.

"ಯಾರೋ ನೆಂಟರು ಸಂತೆಯಲ್ಲಿ ನೂಕಿದ ಹಾಗಾಯಿತು!"

ಆದರೆ ಗುಂಡು ಗುರಿಯಿಂದ ಮೊಳದಷ್ಟು ಕೆಳಗೆ ಬಿದ್ದಿತ್ತು. ಮತ್ತೊಂದೂ ಹಾಗೆಯೇ. ಝಾಹಿದ್ ಅದೂ ಇದೂ ತಿರುಗಿಸಿ ನೋಡಿದ, ಕೋವಿಯಲ್ಲಿ ದೋಷ ಕಾಣಲಿಲ್ಲ. ಸೈಫ್ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಮೂರನೆಯ ಸಲ ಅವರು ಮಡಿಲಿನಿಂದ ತೋಟೆ ಎತ್ತಿ ಇಳಿಸಿದರು. ಮೌಝಾ ಉಸಿರು ಬಿಗಿಹಿಡಿದು ಎಳೆದರು.

ಟಕ್.

ಸದ್ದಿಲ್ಲ, ಹೊಗೆಯಿಲ್ಲ. ಆದರೆ ಬಾರದ ಒದೆತಕ್ಕೆ ಹೆದರಿ ಮೌಝಾ ಹೆಗಲು ಜರ್ರನೆ ಮುಂದೆ ನುಗ್ಗಿತ್ತು, ಕಣ್ಣು ಬಿಗಿಯಾಗಿ ಮುಚ್ಚಿತ್ತು, ಕೋವಿಯ ಮೂತಿ ನೆಲ ನೋಡುತ್ತಿತ್ತು. ಸೈಫ್ ಬೇಕೆಂದೇ ಇಳಿಸಿದ್ದು ಡಮ್ಮಿ ತೋಟೆ! ಹೆಗಲು ವಾಸಿಯಾಗಿದ್ದರೂ ಹಳೆಯ ಕೋವಿಯ ಹೆದರಿಕೆ ಮೈಯೊಳಗೆ ಹಾಗೆಯೇ ಉಳಿದಿತ್ತು. ಅದನ್ನು ಎಲ್ಲರಿಗಿಂತ ಮೊದಲು ಕಂಡದ್ದು, ಅವರ ಜೊತೆ ನಲವತ್ತು ವರ್ಷ ಬಾಳಿದವರು.

ಗಾಲಿಕುರ್ಚಿಯಿಂದ ವಿಚಿತ್ರ ಸದ್ದೊಂದು ಬಂತು. ಜಲಜಾಕ್ಷಿ ಬೆದರಿ ಓಡಿದಳು. ಸೈಫ್ ನಗುತ್ತಿದ್ದರು. ಸೊಟ್ಟ ಬಾಯಿಯಿಂದ, ಹೊಟ್ಟೆ ಕುಲುಕಿಸಿಕೊಂಡು, ಕಣ್ಣೀರು ಸುರಿಸಿಕೊಂಡು. ಮೌಝಾ ಮೊದಲು ಕೆರಳಿ ಏನೇನೋ ಬೈದರು. ಬೈಯುತ್ತಿದ್ದ ಹಾಗೆಯೇ ಕಿವಿಯ ಮುಚ್ಚಳ ಕಿತ್ತು, ಗಂಡನ ತಲೆಯನ್ನು ಎದೆಗಾನಿಸಿಕೊಂಡು ತಾವೂ ನಕ್ಕರು. ಝಾಹಿದ್ ಜಲಜಾಕ್ಷಿಯ ಹತ್ತಿರ ಮೆಲ್ಲಗೆ, "ಇದನ್ನು ನಾನೇ ಹೇಳಿಕೊಡಬೇಕಿತ್ತು ಅಕ್ಕ. ನೆನಪೇ ಆಗಲಿಲ್ಲ ನೋಡಿ" ಎಂದ.

ಅಂದಿನಿಂದ ಯಾವುದು ಡಮ್ಮಿ, ಯಾವುದು ನಿಜ ಎಂದು ಹೇಳದೆ ತುಂಬುವುದು ಸೈಫ್ ಅವರ ಕೆಲಸವಾಯಿತು. ಏನು ಬರುತ್ತದೆಂದು ಗೊತ್ತಿಲ್ಲದ ಮೇಲೆ ಹೆದರುವುದಾದರೂ ಯಾವುದಕ್ಕೆ? ಒಂದು ದಿನ ಖಾಲಿ 'ಟಕ್' ಸದ್ದಾದಾಗ ಮೂತಿ ಅಲುಗಲೇ ಇಲ್ಲ. ಮೌಝಾ ಕಣ್ಣು ತೆರೆದೇ ಇದ್ದರು.

ಜೂನ್‌ನಲ್ಲಿ ಮಗ ರಾಶಿದ್ ಜೊತೆಗೆ ಇಬ್ಬರೂ ನಮೀಬಿಯಾಕ್ಕೆ ಹೋಗಿಬಂದರು. ಮರಳಿದ ಮೇಲೆ ಜಲಜಾಕ್ಷಿ ಹೋದಾಗ ಮೊದಲು ಮೌಝಾ ಹೆಗಲು ನೋಡಿದಳು. ಸಣ್ಣ ಕೆಂಪೂ ಇರಲಿಲ್ಲ. ಆಮೇಲೆ ಖರ್ಜೂರ, ಕಾಫಿ, ಕಥೆ. ಮದುವೆಯಾದಂದಿನಿಂದ ಸೈಫ್ ಬೇಟೆಯಿಂದ ಬಂದು ಕಥೆ ಹೇಳುವುದು, ಮೌಝಾ ಕಾಫಿ ಬಗ್ಗಿಸುತ್ತ ಕೇಳುವುದು ನಡೆದುಕೊಂಡು ಬಂದಿತ್ತು. ಈಗ ಮೌಝಾ ಹೇಳುತ್ತಿದ್ದರು. ಗುಂಪಿನಿಂದ ಹೊರಬಿದ್ದ ಮುದಿ ಗಂಡು ಎಲಾಂಡ್ ನೀರಿಗೆ ಬಂದದ್ದು, ಸೈಫ್ ಕೈಯಿಂದ ಮೊದಲ ತೋಟೆ ಮರಳಿಗೆ ಬಿದ್ದದ್ದು, ಎಲಾಂಡ್ ಕಿವಿ ನಿಮಿರಿಸಿ ಇವರ ಕಡೆ ನೋಡಿದ್ದು, ಇಬ್ಬರೂ ಕಲ್ಲಾಗಿ ಕೂತದ್ದು, ಎರಡನೆಯ ತೋಟೆ ಸದ್ದಿಲ್ಲದೆ ಇಳಿದದ್ದು.

"ಒಂದೇ ಗುಂಡು, ಜಲ. ನಿಂತಲ್ಲೇ ಕುಸಿಯಿತು. ನನಗೆ ಒದೆತ ಗೊತ್ತೇ ಆಗಲಿಲ್ಲ. ಹೊಡೆದ ಮೇಲೆ ಅಳು ಬಂತು. ಇವರು ನನ್ನ ಬೆನ್ನ ಮೇಲೆ ಕೈಯಿಟ್ಟರು. ಈ ಕೈ." ಅವರು ಗಂಡನ ಬಲಗೈಯನ್ನು ಎತ್ತಿ ತೋರಿಸಿದರು. "ಎಲಾಂಡ್ ಇನ್ನೂರು ಮೀಟರ್ ದೂರ ಇತ್ತು!"

ಸೈಫ್ ಎಡಗೈ ಎತ್ತಿ, ಅಂಗೈ ಕೆಳಗೆ ಮಾಡಿ, ಇಳಿಸು ಎಂಬಂತೆ ಆಡಿಸಿದರು.

"ಸರಿ, ನೂರೈವತ್ತು."

ಕೈ ಇನ್ನೂ ಇಳಿಯಿತು.

"ನೂರು! ಆದರೆ ಗಾಳಿ ಇತ್ತು."

ಗಾಳಿ ಇದ್ದದ್ದು ನಿಜವೆಂದು ಸೈಫ್ ಗಂಭೀರವಾಗಿ ತಲೆಯಾಡಿಸಿದರು. ಬಸ್ಸಿಗೆ ಹೊತ್ತಾಗಿದ್ದರೂ ಜಲಜಾಕ್ಷಿ ಚೀಲ ಕೆಳಗಿಟ್ಟು, ಲೋಟ ಮುಂದೆ ಚಾಚಿ, ಶುರುವಿನಿಂದ ಇನ್ನೊಮ್ಮೆ ಹೇಳಿ ಎಂದಳು.