ಬೈಸಿಕೊಳ್ಳಲು ತಂದ ಕರು

ಹೊಸ ದನ ಕಟ್ಟಿದವನ ಮನೆಗೆ ಹೋಗಿ ‘ಚೆನ್ನಾಗಿದೆ’ ಎಂದು ಹೇಳಿ, ಕಾಫಿ ಕುಡಿದು ಬರುವುದು ಉಳಿದವರಲ್ಲಿ ಮರ್ಯಾದೆ ಇರಬಹುದು. ಚಿಕ್ಕಸ್ವಾಮಿಯ ಗೆಳೆಯರಲ್ಲಿ ಅದು ಶುದ್ಧ ದ್ರೋಹ. ಹೊಗಳಿದರೆ ದೃಷ್ಟಿಯಾಗುತ್ತದೆ, ದೃಷ್ಟಿಗೆ ಕಲ್ಲೂ ಸಿಡಿಯುತ್ತದೆ, ಇನ್ನು ಬಾಯಿಲ್ಲದ ಜೀವ ಉಳಿದೀತೇ? ಅದಕ್ಕೇ ಹೊಸದಾಗಿ ಕೊಂಡದ್ದನ್ನು ಕಂಡಾಪಟ್ಟೆ ಬೈಯಬೇಕು. ಬೈದಷ್ಟೂ ಬಾಳಿಕೆ. ತಪ್ಪಿ ಯಾರಾದರೂ ಹೊಗಳಿದರೆ, ತಂದವನು ಹಗ್ಗವನ್ನು ಅವನ ಕೈಗೇ ಕೊಡಬಹುದು. ಅಷ್ಟು ಚೆನ್ನಾಗಿದ್ದರೆ ನೀನೇ ಕಟ್ಟಿಕೋ ಎಂದ ಮೇಲೆ ಅವನು ಕೊಂಡ ಬೆಲೆ ಕೊಟ್ಟು ಹೊಡೆದುಕೊಂಡು ಹೋಗಲೇಬೇಕು.

ನಾಲ್ವರ ಗುಂಪು ಅದು. ಪಾಂಡವಪುರದ ಪಕ್ಕದ ಹಳ್ಳಿಯ ಚಿಕ್ಕಸ್ವಾಮಿ, ಕೆ.ಆರ್.ಪೇಟೆ ಕಡೆಯ ಜವರಪ್ಪ, ನಾಗಮಂಗಲದ ಕುಮಾರ್, ಗಂಜಾಂನ ರಘುನಂದನ್. ಉಳುವುದಕ್ಕೆ ಎಲ್ಲರ ಮನೆಯಲ್ಲೂ ಟ್ರಾಕ್ಟರು. ಹಳ್ಳಿಕಾರ್ ಹೋರಿ ಕಟ್ಟುವುದು ಬರೀ ಶೋಕಿಗೆ. ಹೆಂಡತಿ ಮೈಗೆ ಎಣ್ಣೆ ಹಚ್ಚಿಕೊಂಡಳೋ ಇಲ್ಲವೋ ಗೊತ್ತಿರದ ಗಂಡಸರು ಹೋರಿಯ ಕೊಂಬಿಗೆ ತಪ್ಪದೆ ಎಣ್ಣೆ ಹಚ್ಚುವವರು. ಕೊಂಡದ್ದರ ಫೋಟೊ ವಾಟ್ಸಾಪಿಗೆ ಹಾಕುವುದು, ಉಳಿದ ಮೂವರು ಅದರ ಮಾನ ಕಳೆಯುವುದು, ಭಾನುವಾರ ಮನೆಗೇ ಬಂದು ಉಳಿದಿದ್ದನ್ನು ಕಳೆಯುವುದು. ಬೈಗುಳದಲ್ಲಿ ಚಿಕ್ಕಸ್ವಾಮಿಯನ್ನು ಮೀರಿಸಿದವರಿರಲಿಲ್ಲ.

ಆಮೇಲೆ ಅವನ ಕಿಡ್ನಿ ಕೆಟ್ಟಿತು. ಈಗ ವಾರಕ್ಕೆ ಎರಡು ಸಲ ಮಂಡ್ಯದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್‌ಗೆ ಕೈ ಚಾಚಿ ಮಲಗಬೇಕು. ಬಂದ ದಿನ ಗೋಡೆ ಹಿಡಿದು ನಡೆಯಬೇಕು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ಚಿಕ್ಕಸ್ವಾಮಿಗೆ ಎರಡೂ ಇಲ್ಲ. ಹಿತ್ತಲ ಹಿಂದೆ ನಾಲೆ ತುಂಬಿ ಹರಿಯುತ್ತಿದ್ದರೂ ಇವನು ದಿನವಿಡೀ ಒಂದು ಚೊಂಬು ನೀರನ್ನೇ ಗುಟುಕು ಎಣಿಸಿ ಕುಡಿಯಬೇಕು. ಎರಡು ಹಸು, ಒಬ್ಬ ರೋಗಿಯನ್ನು ನೋಡಿಕೊಳ್ಳುವುದೇ ಸಾಕಾಗಿ ಹೋಗಿ ಹೆಂಡತಿ ಚಲುವಮ್ಮ ಹೋರಿಗಳ ಜೋಡಿಯನ್ನು ಮಾರಿಸಿದಳು. ಅವಳ ತಪ್ಪೇನಿರಲಿಲ್ಲ. ಅವನೂ ಬೇಡ ಅನ್ನಲಿಲ್ಲ.

ಅವನಿಗೆ ತಡೆಯಲಾಗದೆ ಹೋದದ್ದು ಬೇರೆ. ಗೆಳೆಯರು ಮೃದುವಾಗಿಬಿಟ್ಟರು. ‘ಲೇ’ ಅನ್ನುತ್ತಿದ್ದವರು ‘ಅಣ್ಣ’ ಅನ್ನತೊಡಗಿದರು. ಜವರಪ್ಪ ಇವನಿಗಿಂತ ದೊಡ್ಡವನು, ಅವನೂ ‘ಚಿಕ್ಕಸ್ವಾಮಣ್ಣ’ ಎಂದ. ಕಳೆದ ತಿಂಗಳು ಚಿಕ್ಕಸ್ವಾಮಿ ಸುಮ್ಮನೆ ಪರೀಕ್ಷೆಗೆಂದೇ ಒಂದು ಗೆಜ್ಜೆಪಟ್ಟಿ ಕೊಂಡು ಫೋಟೊ ಹಾಕಿದ. ಕೊಟ್ಟಿಗೆಯಲ್ಲಿ ಹೋರಿಯೇ ಇಲ್ಲದವನು ಕೊರಳಿಗೆ ಗೆಜ್ಜೆಪಟ್ಟಿ ತಂದರೆ, ಮೊದಲಾಗಿದ್ದರೆ ‘ನಿನ್ನ ಕೊರಳಿಗೇ ಕಟ್ಕೊಂಡು ಸಂತೇಲಿ ನಿಂತ್ಕೊಳ್ಲಾ’ ಎಂಬ ಮಾತು ಬರದೆ ಇರುತ್ತಿರಲಿಲ್ಲ. ಬಂದದ್ದು ಮೂರು ಕೈಮುಗಿದ ಚಿತ್ರ, ಒಂದು ಗುಲಾಬಿ. ‘ಸೂಪರ್ ಅಣ್ಣ, ರೆಸ್ಟ್ ತಗೊಳ್ಳಿ’ ಎಂದಿದ್ದ ರಘುನಂದನ್. ಅದೇ ದಿನ ಕುಮಾರ್ ಕೊಂಬಿನ ತುದಿಗೆ ಹಾಕುವ ಹಿತ್ತಾಳೆ ಅಣಸು ಕೊಂಡು ತೋರಿಸಿದ್ದಕ್ಕೆ ಜವರಪ್ಪ ಗಂಟಲು ಹರಿಯುವಂತೆ ವಾಯ್ಸ್ ಕಳಿಸಿದ್ದ: “ಥೂ, ಸೈಕಲ್ ಬೆಲ್ಲಿನ ಮುಚ್ಚಳ ತಂದು ಅಣಸು ಅಂತೀಯಲ್ಲಾ ಲೇ! ಎತ್ತಿಗೆ ಬ್ಯಾಡ, ನಿನ್ ತಲೇಗೇ ಆಕ್ಕೊ!” ಚಿಕ್ಕಸ್ವಾಮಿ ಅದನ್ನು ಎರಡು ಸಲ ಕೇಳಿ ಫೋನು ಮಗುಚಿಟ್ಟ. ಸತ್ತವರನ್ನು ಯಾರೂ ಬೈಯುವುದಿಲ್ಲ. ತಾನಿನ್ನೂ ಉಸಿರಾಡುತ್ತಿರುವಾಗಲೇ ಇವರು ಆ ಮರ್ಯಾದೆ ಶುರು ಮಾಡಿದ್ದಾರೆ ಅನ್ನಿಸಿತು.

ಅದಕ್ಕೇ ಅವನು ಆ ಕೆಲಸ ಮಾಡಿದ. ಸುಸ್ತು ಕಡಿಮೆ ಇದ್ದ ಒಂದು ದಿನ ಬಸ್ಸು ಹತ್ತಿ ಹೇಮಗಿರಿ ಕಡೆಯ ಒಬ್ಬ ಪರಿಚಯದ ರೈತನಲ್ಲಿಗೆ ಹೋದ. ಅಲ್ಲಿದ್ದ ಹೋರಿಗರುಗಳಲ್ಲಿ ಒಂದನ್ನು ಹುಡುಕಿ ತೆಗೆದ. ಒಂದು ಕೊಂಬಿನ ಮೊಳಕೆ ಆಕಾಶಕ್ಕೆ, ಇನ್ನೊಂದು ಕಿವಿಗೆ. ಗೊರಸು ಬಿಟ್ಟುಕೊಂಡಿತ್ತು. ಎಲ್ಲಕ್ಕಿಂತ ಮೇಲಾಗಿ ಬೆನ್ನ ಕೊನೆಯಲ್ಲಿ, ಬಾಲದ ಬುಡಕ್ಕೆ ಹತ್ತಿರ, ಕೂದಲು ಸುತ್ತಿಕೊಂಡ ಕೆಟ್ಟ ಸುಳಿ. ಅಂಥ ಸುಳಿಯ ದನ ಕಟ್ಟಿದವನಿಗೆ ಆಗಿಬರುವುದಿಲ್ಲ ಎಂದು ಆ ಸೀಮೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

“ಸುಳಿ ಸರಿ ಇಲ್ಲ ಗೌಡ್ರೆ. ಆಮ್ಯಾಕೆ ನನ್ನ ಬೈಬ್ಯಾಡಿ,” ಎಂದ ಮಾರುವವನೇ.

“ನಿನ್ನ ಯಾಕಪ್ಪಾ ಬೈಲಿ. ಬೈಸ್ಕೊಳ್ಳಾಕೇ ತಗೋತಾ ಇವ್ನಿ,” ಎಂದ ಚಿಕ್ಕಸ್ವಾಮಿ. ಆ ರೈತನಿಗೆ ಏನೂ ಅರ್ಥವಾಗಲಿಲ್ಲ. ಕರು ಗೂಡ್ಸ್ ಆಟೊದಲ್ಲಿ ಬಂದಿಳಿದಾಗ ಚಲುವಮ್ಮ ಸುಳಿ ನೋಡಿದಳು, ಗಂಡನ ಮುಖ ನೋಡಿದಳು, ಕರುವಿಗೆ ನೀರು ತರಲು ಒಳಗೆ ಹೋದಳು. ಅವಳೂ ಈಗ ಅವನನ್ನು ಬೈಯುತ್ತಿರಲಿಲ್ಲ.

ಕರು ಕಟ್ಟಿದ ಸುದ್ದಿ ಕೇಳಿ ಭಾನುವಾರ ಬೆಳಿಗ್ಗೆ ಮೂವರೂ ಬಂದರು. ಚಿಕ್ಕಸ್ವಾಮಿ ಪಂಚೆ ಬದಲಿಸಿ, ಜಗಲಿಯ ಮೇಲೆ ಕೂತು ಕಾದಿದ್ದ. ಅಷ್ಟು ತಯಾರಿಗೇ ಅವನಿಗೆ ಏದುಸಿರು ಬಂದಿತ್ತು. ಕರುವನ್ನು ಅಂಗಳದ ಗೂಟಕ್ಕೆ, ಬೆನ್ನು ಎಲ್ಲರಿಗೂ ಕಾಣುವ ಹಾಗೆ ಕಟ್ಟಿಸಿದ್ದ. ಕುಮಾರ್ ಒಂದು ಸುತ್ತು ಬಂದ. ರಘುನಂದನ್ ಕೊಂಬಿನ ಮೊಳಕೆ ಮುಟ್ಟಿ ನೋಡಿ ಕೆಮ್ಮಿದ.

“ಏನ್ಲಾ, ಬಾಯಿಗೆ ಬೀಗ ಆಕ್ಕೊಂಡು ಬಂದಿದ್ದೀರಾ?” ಎಂದ ಚಿಕ್ಕಸ್ವಾಮಿ.

“ಚೆನ್ನಾಗೈತಲ್ಲಣ್ಣ,” ಎಂದ ರಘುನಂದನ್, ನೆಲ ನೋಡುತ್ತಾ. “ಮೊಗ ಲಕ್ಷಣವಾಗೈತೆ.”

“ಉಲ್ಲು ಗಿಲ್ಲು ತಿಂದ್ರೆ ತುಂಬ್ಕೊಳ್ತದೆ,” ಎಂದ ಕುಮಾರ್.

ಸುಳಿ ನೋಡುವುದರಲ್ಲಿ ಜವರಪ್ಪನೇ ಗುರು. ಅವನು ಎಲ್ಲೋ ಇದ್ದ ದನವನ್ನು ಫೋನಿನ ಫೋಟೊದಲ್ಲಿ ನೋಡಿಯೇ ಬೇಡ ಎಂದು ಬಿಡಿಸಿದ್ದುಂಟು. ಅವನ ಕಣ್ಣು ಆ ಸುಳಿಯ ಮೇಲೆ ಬಿದ್ದದ್ದನ್ನೂ, ಅಲ್ಲಿಂದ ಕಿತ್ತು ಬಂದದ್ದನ್ನೂ ಚಿಕ್ಕಸ್ವಾಮಿ ಕಂಡ.

“ನೀನೇನಂತೀಯಾ ಜವರಪ್ಪ?”

“ಒಳ್ಳೇದು ಕಣಣ್ಣ. ಒಳ್ಳೇ ಕರ ತಂದಿದ್ದೀರಿ.”

‘ತಂದಿದ್ದೀರಿ’! ಚಿಕ್ಕಸ್ವಾಮಿಗೆ ಮೈಯೆಲ್ಲ ಸೋತುಹೋಯಿತು. ಆಸ್ಪತ್ರೆಯ ಮಂಚದಿಂದ ಎದ್ದಾಗಲೂ ಇಷ್ಟು ಸೋತಿರಲಿಲ್ಲ. ಒಳಗೆ ಹೋಗಿ ಮಲಗಿಬಿಡಲೇ ಎಂದುಕೊಂಡ. ಆದರೆ ಹಾಳು ಹಟ ಇನ್ನೂ ಸತ್ತಿರಲಿಲ್ಲ. ಕಂಬ ಹಿಡಿದು ಎದ್ದ, ಮೆಲ್ಲಗೆ ಅಂಗಳಕ್ಕಿಳಿದ, ಗೂಟದಿಂದ ಹಗ್ಗ ಬಿಚ್ಚಿ ಜವರಪ್ಪನ ಮುಂದೆ ಹಿಡಿದ.

“ಒಗಳಿದ್ದೀಯಾ. ಇಡ್ಕೊ. ನೀನೇ ಹೊಡ್ಕೊಂಡೋಗು.”

“ತಮಾಸೆ ಮಾಡ್ಬ್ಯಾಡಿ ಅಣ್ಣ.”

“ನಮ್ಮಲ್ಲಿ ಇರೋ ಪದ್ಧತಿ ಇದು. ಒಳ್ಳೇ ಕರ ಅಲ್ವಾ? ಇವತ್ತೇ ನಿನ್ನ ಕೊಟ್ಗೇಲಿ ಕಟ್ಟು. ಹೂಂ, ಇಡ್ಕೊ!”

ಜವರಪ್ಪ ಹಗ್ಗ ಹಿಡಿದ ಆ ಕೈ ನೋಡಿದ, ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ರಟ್ಟೆ ನೋಡಿದ, ಕರುವಿನ ಬೆನ್ನು ನೋಡಿದ. ಅವನ ಮುಖ ಕೆಂಪಾಯಿತು. ಹಗ್ಗ ಕಿತ್ತುಕೊಂಡು ನೆಲಕ್ಕೆ ಬಿಸಾಡಿದ.

“ನಾನ್ಯಾಕ್ಲಾ ಕಟ್ಲಿ ಈ ಮನೆಹಾಳ್ ಕರುವ? ಕಣ್ಣೇನು ಬಸ್ಸಲ್ಲಿ ಬುಟ್ಟು ಬಂದಿದ್ದಾ? ಸುಳಿ ನೋಡಾಕೆ ಬರದ ಗೂಬೆ ನನ್ಮಗನೇ! ಮೊದ್ಲೇ ಅರ್ಧ ಜೀವ ಆಗಿದ್ದೀಯಾ, ಇಂಥ ಪೀಡೆ ತಂದು ಬಾಗ್ಲಲ್ಲಿ ಕಟ್ಕೊಂಡಿದ್ದೀಯಲ್ಲ, ಇದು ಬೆಳ್ದು ದೊಡ್ದಾಗಿ ಅಲ್ಲು ಆಕೋ ಒತ್ಗೆ ನೀನೇ ಇರಾಕಿಲ್ಲ ಕಣ್ಲಾ!”

ಕುಮಾರ್ ಬಾಯಿಗೆ ಟವಲು ಹಿಡಿದ. ಕಾಫಿ ಲೋಟಗಳ ತಟ್ಟೆ ಹಿಡಿದು ಬಂದ ಚಲುವಮ್ಮ ಹೊಸ್ತಿಲಲ್ಲೇ ನಿಂತಳು. ಡಾಕ್ಟರಿಂದ ಹಿಡಿದು ನೆಂಟರ ತನಕ ಎಲ್ಲರೂ ಸುತ್ತಿ ಬಳಸಿ ದಾಟಿಹೋಗುತ್ತಿದ್ದ ಮಾತು ಅದು. ಯಾರೂ ಬಾಯಿ ಬಿಟ್ಟು ಆಡಿರಲಿಲ್ಲ.

ಚಿಕ್ಕಸ್ವಾಮಿಗೆ ಎದೆಯ ಮೇಲಿಂದ ಚಪ್ಪಡಿ ಎತ್ತಿದ ಹಾಗಾಯಿತು. ನಕ್ಕ. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ, ಜಗಲಿಯ ಅಂಚಿಗೆ ಕುಸಿದು ಕೂತ. ಜವರಪ್ಪ ಅವನ ಪಕ್ಕ ಧೊಪ್ಪನೆ ಕೂತು ಚಿಕ್ಕ ಮಗುವಿನ ಹಾಗೆ ಅಳತೊಡಗಿದ.

“ಅತ್ತಿದ್ದು ಸಾಕು, ಬೈಲಾ. ಕರುವ ಬುಡು, ನನ್ನ ಬೈ,” ಎಂದ ಚಿಕ್ಕಸ್ವಾಮಿ. “ಒಸಿ ಜೋರಾಗಿ ಬೈ. ಬಾಳಿಕೆ ಬರ್ಲಿ.”

ಜವರಪ್ಪ ಮೂಗು ಒರೆಸಿಕೊಂಡು ಶುರು ಮಾಡಿದ. ಚಿಕ್ಕಸ್ವಾಮಿಯ ಅಪ್ಪನಿಂದ ತೊಡಗಿ ಅವನ ನಡಿಗೆ, ಅವನ ಮೀಸೆ, ಅವನು ಕೊಂಡ ಗೆಜ್ಜೆಪಟ್ಟಿ, ಯಾವುದನ್ನೂ ಬಿಡಲಿಲ್ಲ. ರಘುನಂದನ್ ಒಂದು ಸೇರಿಸಿದ, ಕುಮಾರ್ ಎರಡು. ಚಲುವಮ್ಮ ತಟ್ಟೆಯನ್ನು ಜಗಲಿಯ ಮೇಲೆ ಕುಕ್ಕಿದಳು. ಮದುವೆಯಾದಾಗಿನಿಂದ ಗಂಡನನ್ನು ಬಹುವಚನದಲ್ಲೇ ಕರೆದವಳು ಅವಳು.

“ಬೈಸ್ಕೊಳ್ಳೋ ಆಸೆ ಇದ್ರೆ ನಂಗೊಂದ್ ಮಾತು ಏಳಕ್ಕಾಯ್ತಿರ್ಲಿಲ್ವಾ, ಮುಠ್ಠಾಳ?” ಎಂದಳು. “ಮಾತ್ರೆ ನುಂಗಾಕೆ ಎಷ್ಟು ಸತಾಯಿಸ್ತೀಯಾ ನೀನು! ನಿನ್ನಂಥ ಮೊಂಡನ್ನ ಆ ಯಮನೂ ಕಟ್ಟಾಕಿಲ್ಲ, ನೋಡ್ಕೊ!” ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ.

ಚಿಕ್ಕಸ್ವಾಮಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಮೈ ಹಣ್ಣಾಗಿತ್ತು. ನಿದ್ದೆ ಎಳೆಯುತ್ತಿದ್ದರೂ, ಒಂದು ಬೈಗುಳವನ್ನೂ ಬಿಡದೆ ಕೇಳಿಸಿಕೊಳ್ಳುತ್ತಾ ಕೂತ.