ಜ್ವರ ಒಯ್ದ ಪರಿಮಳ

ಯಶವಂತಪುರದ ಮಾರುಕಟ್ಟೆ ಬೀದಿಯಲ್ಲಿದ್ದ ಹಬೀಬುಲ್ಲಾ ಸಾಹೇಬರ ಅಂಗಡಿಗೆ ಜನ ಬರುತ್ತಿದ್ದದ್ದು ಅವರ ಮೂಗನ್ನು ನಂಬಿ. ಅತ್ತರು, ಕಲೋನು, ಗಡ್ಡ ಕೆರೆದ ಮೇಲೆ ಹಚ್ಚುವ ಲೋಷನ್ನು ಎಲ್ಲವೂ ಅಲ್ಲಿತ್ತು. ಗಿರಾಕಿ ತನ್ನ ಮೆಚ್ಚಿನ ಕಲೋನನ್ನು ಕರವಸ್ತ್ರಕ್ಕೆ ಒಂದು ತೊಟ್ಟು ಹಾಕಿ ತಂದರೆ ಸಾಕು, ಸಾಹೇಬರು ಕಣ್ಣು ಮುಚ್ಚಿ ಮೂಸಿ, "ನಿಂಬೆ ಮುಂದಿದೆ, ಗಂಧ ಹಿಂದೆ ನಿಂತಿದೆ. ಗುಲಾಬಿ ಲೋಷನ್ ಹಚ್ಚಿದ್ರೆ ಎರಡೂ ಕಿತ್ತಾಡ್ತವೆ. ಲಾವಂಚದ್ದು ತಗೊಳ್ಳಿ," ಎಂದು ಆರಿಸಿ ಕೊಡುತ್ತಿದ್ದರು.

ಐವತ್ತೇಳನೆಯ ಇಸವಿಯಲ್ಲಿ ಊರಿಗೂರೇ ಫ್ಲೂ ಜ್ವರದಲ್ಲಿ ಮಲಗಿತು. ಹಬೀಬುಲ್ಲಾ ಮತ್ತು ಹೆಂಡತಿ ಕುಬ್ರಾ ಒಟ್ಟಿಗೇ ಹಾಸಿಗೆ ಹಿಡಿದರು. ಸುಡುವ ಮೈಯಲ್ಲೇ ಎದ್ದು ಅವರು ಅಂಗಡಿಯ ಕಲೋನಿನಲ್ಲಿ ಬಟ್ಟೆ ಅದ್ದಿ ಅವಳ ಹಣೆಗೆ ಹಾಕುತ್ತಿದ್ದರು. ಅವರು ಚೇತರಿಸಿಕೊಂಡರು, ಕುಬ್ರಾ ಉಳಿಯಲಿಲ್ಲ. ಮಕ್ಕಳಿರಲಿಲ್ಲ. ಹಬೀಬುಲ್ಲಾರ ಅಕ್ಕ ಮಲ್ಕಾ ಹುಣಸಮಾರನಹಳ್ಳಿಯಿಂದ ಬಂದು ಒಲೆ ಹಚ್ಚಿದಳು. ಅವಳು ಬಡಿಸಿದ್ದೆಲ್ಲ ಮಣ್ಣಿನ ಹಾಗಿತ್ತು. ದುಃಖವೆಂದರೆ ಹೀಗೇ ಇರಬೇಕೆಂದು ಅವರು ಸುಮ್ಮನಾದರು.

ಕುಬ್ರಾ ತೀರಿದ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿಸಿ ಅಂಗಡಿ ತೆರೆದ ದಿನ ಬಂದವರು ಜಾಲಹಳ್ಳಿಯ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ನರಸಿಂಹಯ್ಯ. ತಂಗಿಯರ ಮದುವೆಗಳನ್ನು ಮುಗಿಸುವಷ್ಟರಲ್ಲಿ ಅವರ ತಲೆ ನರೆಯತೊಡಗಿತ್ತು.

"ನಾಳೆ ಯಲಹಂಕದಲ್ಲಿ ಹೆಣ್ಣು ನೋಡೋಕೆ ಹೋಗ್ತಿದೀನಿ ಸಾಬ್ರೇ. ನನ್ನ ಕಲೋನ್‌ಗೆ ಹೊಂದೋ ಲೋಷನ್ ಒಂದು ಕೊಡಿ. ಬೇಗ, ಬಸ್ಸು ಬಂದ್ಬಿಡತ್ತೆ," ಎಂದು ಕರವಸ್ತ್ರ ಚಾಚಿದರು.

ಹಬೀಬುಲ್ಲಾ ಮೂಸಿದರು. ಬರಿಯ ಬಟ್ಟೆ. ಲೋಷನ್ನಿನ ಬಿರಟೆ ತೆಗೆದು ಮೂಗಿಗೆ ಹಿಡಿದರು. ನೀರಿನ ಹಾಗಿತ್ತು. ಹೇಳಿಬಿಡಬೇಕೆಂದು ಬಾಯಿ ತೆರೆದರು, ಆಗಲಿಲ್ಲ. ಎಂದಿನಂತೆ ಕಣ್ಣು ಮುಚ್ಚಿ, ತಲೆಯಾಡಿಸಿ, ನೆನಪಿನ ಮೇಲೆ ಲಾವಂಚದ ಸೀಸೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟುಬಿಟ್ಟರು.

ನರಸಿಂಹಯ್ಯ ಮರೆಯಾದದ್ದೇ ತಡ, ಗುಲಾಬಿ, ಕೇದಗೆ, ಕಸ್ತೂರಿ, ಒಂದೊಂದೇ ಅತ್ತರನ್ನು ತೆರೆದು ನೋಡಿದರು. ಒಂದೂ ಮಾತಾಡಲಿಲ್ಲ. ಬಾಗಿಲು ಎಳೆದುಕೊಂಡು, ಮಧ್ಯಾಹ್ನದ ಬಿಸಿಲಲ್ಲಿ ಮನೆಗೆ ಓಡಿದರು. ಕುಬ್ರಾಳ ಟ್ರಂಕು ತೆರೆದು ಅವಳ ದುಪಟ್ಟಾದಲ್ಲಿ ಮುಖ ಹುದುಗಿಸಿದರು. ಉಸಿರು ಸೋಲುವವರೆಗೆ ಎಳೆದರು.

ಮಲ್ಕಾ ಬಾಗಿಲಲ್ಲಿ ನಿಂತಿದ್ದಳು. ಅವರು ಅಕ್ಕನತ್ತ ದುಪಟ್ಟಾ ಚಾಚಿದರು. "ಆಪಾ, ನೀವು ಮೂಸಿ ನೋಡಿ. ಅವಳ ವಾಸನೆ ಇದೆಯಾ?"

ಅವಳು ದುಪಟ್ಟಾವನ್ನು ಮುಖಕ್ಕೊತ್ತಿಕೊಂಡಳು. ಕಣ್ಣು ತುಂಬಿತು. "ಇದೆ ಕಣೋ. ಹಾಗೇ ಇದೆ."

"ಹೇಗಿದೆ? ಹೇಳಿ."

"ಹೇಗೆ ಅಂತ ಹೇಳಲಿ? ಕುಬ್ರಾಳ ಹಾಗಿದೆ."

ಅವರು ಗೋಡೆಗೆ ಹಣೆ ಚಚ್ಚಿಕೊಂಡರು. ಹೆಂಡತಿ ಆ ಬಟ್ಟೆಯಲ್ಲಿದ್ದಾಳೆ, ಅಕ್ಕನಿಗೆ ಸಿಕ್ಕಿದ್ದಾಳೆ, ತಮಗೆ ಮಾತ್ರ ಇಲ್ಲ.

ಎರಡು ದಿನ ಬಿಟ್ಟು ನರಸಿಂಹಯ್ಯ ಬಂದರು. ಕೂಗಾಡಲಿಲ್ಲ. ಸೀಸೆಯನ್ನು ಮೆಲ್ಲಗೆ ಮುಂದಿಟ್ಟರು.

"ಇದು ಕೆಟ್ಟಿದೆ ಸಾಬ್ರೇ. ಹುಳಿ ಹೆಂಡದ ಹಾಗೆ ನಾರ್ತಿದೆ. ಹುಡುಗಿ ಅಪ್ಪ ನಾನು ಕುಡ್ಕೊಂಡ್ ಬಂದಿದೀನಿ ಅನ್ಕೊಂಡ್ರು. ಕಾಫಿ ಕೂಡ ಕೊಡಲಿಲ್ಲ."

"ಹಚ್ಚುವಾಗ ನಿಮಗೆ ಗೊತ್ತಾಗ್ಲಿಲ್ವಾ ಸ್ವಾಮಿ?"

"ಒಂಥರಾ ಅನ್ನಿಸ್ತು. ನೀವೇ ಮೂಸಿ ಕೊಟ್ಟಿದ್ದಲ್ವಾ, ನನ್ನ ಮೂಗೇ ಸರಿಯಿಲ್ಲ ಅನ್ಕೊಂಡೆ."

ಹಬೀಬುಲ್ಲಾ ತಲೆ ತಗ್ಗಿಸಿದರು. ಮುಚ್ಚಿದ ಅಂಗಡಿಯ ಬಿಸಿಗೆ ಸರಕು ಹುಳಿತದ್ದು ಅವರಿಗೆ ತಿಳಿದಿರಲಿಲ್ಲ. "ನನ್ನ ಮೂಗು ಸತ್ತುಹೋಗಿದೆ. ಅದು ಗೊತ್ತಿದ್ದೂ ಕೊಟ್ಟೆ. ನಡೀರಿ, ನಾನೇ ಬಂದು ಅವರಿಗೆ ಹೇಳ್ತೀನಿ."

ಇಬ್ಬರೂ ಬಸ್ಸು ಹತ್ತಿ ಯಲಹಂಕಕ್ಕೆ ಹೋದರು. ಹುಡುಗಿಯ ತಂದೆ ಲಕ್ಕಣ್ಣ ಜಗಲಿಯ ಮೇಲೆ ಕೂರಿಸಿ ಎಲ್ಲವನ್ನೂ ಕೇಳಿಸಿಕೊಂಡರು. "ಅಂಗಾ? ನಮಗೇನ್ ಗೊತ್ತು ಸಾಬ್ರೇ," ಎಂದು ಬೇಸರಪಟ್ಟುಕೊಂಡರು. "ಆದ್ರೆ ನಿನ್ನೇನೇ ಬೇರೆ ಕಡೆ ಎಲೆ ಅಡಿಕೆ ಬದಲಾಯಿಸ್ಬಿಟ್ವಿ."

ನರಸಿಂಹಯ್ಯ ಹಿಂದಿರುಗುವ ದಾರಿಯಲ್ಲಿ ಕಿಟಕಿಯಾಚೆ ನೋಡುತ್ತ ಕುಳಿತರು. ಹೆಬ್ಬಾಳದ ಕೆರೆ ಬಂದಾಗ, "ಬಿಡಿ ಸಾಬ್ರೇ, ಇನ್ನು ನಾನು ಎಲ್ಲೂ ಹೋಗಲ್ಲ," ಎಂದರು.

ಡಾಕ್ಟರು ಮೂಗಿಗೆ ಬೆಳಕು ಹಾಕಿ ನೋಡಿ, ವಾಸನೆ ತಿರುಗಿ ಬಂದರೂ ಬರಬಹುದು ಎಂದರು. ಬೇಸಿಗೆ ಕಳೆಯಿತು, ಮಲ್ಲಿಗೆಯ ಕಾಲವೂ ಮುಗಿಯಿತು. ಬರಲಿಲ್ಲ. ಅವರು ಸೀಸೆಗಳನ್ನೆಲ್ಲ ಶಿವಾಜಿನಗರದ ವ್ಯಾಪಾರಿಯೊಬ್ಬನಿಗೆ ಒಪ್ಪಿಸಿ, ಆ ಜಾಗದಲ್ಲಿ ಬಾಚಣಿಗೆ, ಬ್ಲೇಡು, ಬೂಟಿನ ಲಾಡಿ ಇಟ್ಟುಕೊಂಡರು. ಹಳೆಯ ಗಿರಾಕಿಗಳು ಬಂದು, "ಏನ್ ಸಾಬ್ರೇ, ಅಂಗಡಿ ಘಮಘಮ ಅನ್ತಿದೆಯಲ್ಲ ಇನ್ನೂ! ಸರಕೆಲ್ಲಿ?" ಎಂದು ಕೇಳುತ್ತಿದ್ದರು. ಹಬೀಬುಲ್ಲಾ ಹಿಂದೆ ಸೀಸೆಗಳಿದ್ದ ಹಲಗೆಗಳನ್ನು ಬಟ್ಟೆಯಿಂದ ಒರೆಸುತ್ತಿದ್ದರು.