ಏಳನೆಯ ಗೆರೆ

ಒಂದು ಗೆರೆ ಮಾತ್ರ ನೀಲಿ, ಕಣ್ಣು ಮಂಜಾಗಿರಬೇಕು, ಬೆಳಗಿನಿಂದ ಲ್ಯಾಬಿನ ಈ ಗಾಜಿನ ಪ್ಲೇಟನ್ನೇ ನೋಡಿ ನೋಡಿ — ಅಲ್ಲ, ನೀಲಿಯೇ, ಹತ್ತರಲ್ಲಿ ಏಳನೆಯದು, ಉಳಿದ ಒಂಬತ್ತೂ ನಿನ್ನೆ ಯಂತ್ರ ಎಳೆದಾಗ ಹೇಗಿದ್ದವೋ ಹಾಗೇ ಬೆಳ್ಳಗೆ, ಸತ್ತು ಬಿದ್ದಿವೆ. ಬದುಕಿದ್ದರೆ ನೀಲಿಯಾಗಬೇಕು, ಹಾಗೆಂದೇ ಜೀನ್ ತಿದ್ದಿ ಬೆಳೆಸಿದ ಬ್ಯಾಕ್ಟೀರಿಯಾ, ಜೆಲ್ಲಿನಲ್ಲಿ ಕಲಸಿ ಯಂತ್ರದ ಸೂಜಿಯಿಂದ ಎಳೆಎಳೆಯಾಗಿ ಮುದ್ರಿಸುವುದು ಇವಳ ಕೆಲಸ, ಬೆಳೆಸುವುದು ಅಕ್ಕನದು, ಒಡಹುಟ್ಟಿದವಳಲ್ಲ, ಲ್ಯಾಬಿನಲ್ಲಿ ಎಲ್ಲರಿಗೂ ಅಕ್ಕ, ಬೆಳೆಸಿದ ಕಲ್ಚರ್ ತುಂಬಿದ ಕೊಳವೆ ಕೈಗಿಡುವಾಗ ಹುಷಾರು ಕಣೇ, ನನ್ನ ಮಕ್ಕಳು ಅಂತಾಳೆ, ಕೋಟಿ ಮಕ್ಕಳ ತಾಯಿ, ಒಂದಕ್ಕೂ ಹೆಸರಿಟ್ಟಿಲ್ಲ ಅಂತ ತಾನೇ ನಗುತ್ತಾಳೆ, ಈ ವಾರ ನಗಲಿಲ್ಲ. ಸಾಲಾಗಿ ಆರು ಪ್ಲೇಟು ಸತ್ತವು, ಎಲ್ಲಿ ತಪ್ತಾ ಇದೆ ಅಂತ ಸಾಹೇಬರು ಕೇಳಿದರು, ಇವಳೇ ಹೇಳಿದ್ದು, ಅಕ್ಕ ಕೊಡೋ ಕಲ್ಚರ್‌ನಲ್ಲೇ ಜೀವ ಇಲ್ಲ ಸಾರ್, ಎಷ್ಟು ಸಲೀಸಾಗಿ ಬಂತು ಬಾಯಿಂದ.

ಸುಸ್ತು, ಎಂಥ ಸುಸ್ತು, ಮನೆಗೆ ಹೋದರೂ ಬಿಡುವಿಲ್ಲ, ಚಿಕಿತ್ಸೆಯಿಂದ ಸೊರಗಿದ ಅಮ್ಮನಿಗೆ ಒಂದು ನೆಗಡಿಯೂ ತಗುಲಬಾರದಂತೆ, ಬಾಗಿಲ ಹಿಡಿ, ಲೋಟ, ಚಮಚ, ಮುಟ್ಟಿದ್ದನ್ನೆಲ್ಲ ಸ್ಪಿರಿಟ್ ಹಾಕಿ ಒರೆಸು, ಮತ್ತೆ ಒರೆಸು, ಎರಡು ತಿಂಗಳಿಂದ ಕೈ ತಾನಾಗಿಯೇ ಒರೆಸುತ್ತದೆ, ನನ್ನನ್ನೂ ಒರೆಸಿ ಶೆಲ್ಫಲ್ಲಿ ಇಟ್ಬಿಡೇ ಅಂತ ಅಮ್ಮ ರೇಗಿಸುತ್ತಾಳೆ, ನಿನ್ನೆ ಮಧ್ಯಾಹ್ನ ಇಲ್ಲಿಗೇ ಫೋನು, ಊಟ ಆಯ್ತಾ, ಕೆಲಸದಲ್ಲಿದೀನಿ ಇಡಮ್ಮ ಅಂತ ಇವಳು ಗದರಿಬಿಟ್ಟಳು, ಪಾಪ, ಆಗ ಆರನೆಯ ಗೆರೆ ಮುಗಿದಿತ್ತು, ಫೋನಿಟ್ಟವಳು ಸೀದಾ ಏಳನೆಯದಕ್ಕೆ ಗುಂಡಿ ಒತ್ತಿದ್ದಳು, ಸೂಜಿ — ಸೂಜಿ ಒರೆಸಿರಲಿಲ್ಲ. ಅದೊಂದು ಸಲ ಒರೆಸಿರಲಿಲ್ಲ. ಉಳಿದ ಪ್ರತಿ ಗೆರೆಗೂ ಮುಂಚೆ ಸ್ಪಿರಿಟ್ ಅದ್ದಿದ ಹತ್ತಿ, ಆರಲೂ ಬಿಡದೆ, ಹಿಂದಿನ ಆರು ಪ್ಲೇಟಿಗೂ ಹಾಗೇ, ಕ್ರಿಮಿ ಸಾಯಲಿ ಎಂದು, ಕ್ರಿಮಿ ಬದುಕಿಸಲೆಂದೇ ಸಂಬಳ ತೆಗೆದುಕೊಳ್ಳುವವಳು.

ಬಾಗಿಲಲ್ಲಿ ಸಾಹೇಬರು, ಅಕ್ಕನತ್ತ ಕೈ ತೋರಿಸಿ, ಇವರನ್ನ ಇವತ್ತೇ ಕೆಲಸದಿಂದ ಬಿಡಿಸ್ತಾ ಇದೀನಿ, ನೀವು ಹೇಳಿದ್ದು ಸರಿ ತಾನೆ, ಅವರ ಹಿಂದೆ ಅಕ್ಕ, ಕೈಯಲ್ಲಿ ಊಟದ ಡಬ್ಬಿ, ಇವಳನ್ನು ನೋಡುತ್ತಿಲ್ಲ, ನೆಲ ನೋಡುತ್ತಿದ್ದಾಳೆ, ಹೂಂ ಅನ್ನಲು ಅರ್ಧ ಉಸಿರು ಸಾಕು, ಊಹೂಂ ಅಂದರೆ ತನ್ನ ಕೆಲಸ ಹೋಗುತ್ತದೆ, ಆಮೇಲೆ ಅಮ್ಮನ ಗತಿ, ಮಲಗಬೇಕು, ಎಲ್ಲಾದರೂ ಒಂದಿಷ್ಟು ಮಲಗಬೇಕು, ಯಾರೂ ಈ ಪ್ಲೇಟು ನೋಡಿಲ್ಲ, ಕೈ ಆಗಲೇ ಹತ್ತಿ ಎತ್ತಿಕೊಂಡಿದೆ, ಒಂದು ಸಲ ಒರೆಸಿದರೆ ಹತ್ತಕ್ಕೆ ಹತ್ತೂ ಹೋಗುತ್ತವೆ, ಸ್ಪಿರಿಟ್ ಬೆರಳಿಗೆ ತಣ್ಣಗೆ ತಾಗುತ್ತಿದೆ, ಕೈ ಪ್ಲೇಟಿನ ಮೇಲೆ ಬಂದು ನಿಂತಿದೆ, ಕೆಳಗೆ ಏಳನೆಯ ಗೆರೆ, ನೀಲಿ, ಅಕ್ಕನ ಮಕ್ಕಳು, ಬದುಕಿವೆ —